ಖಾತೆಗೆ ಬಂದ ಮಾತ್ರಕ್ಕೆ ದುಡ್ಡು ನಿಮ್ಮದಾಗದು

ತಪ್ಪಿ ಬಂದ ಹಣವನ್ನು ‘ಲಕ್ಷ್ಮಿ ತಾನಾಗಿ ಬಂದಳು’ ಎಂದು ಜೇಬಿಗಿಳಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಳ್ಳನಾದರೂ ಗೋಡೆ ಹಾರುವ ಕಷ್ಟಪಟ್ಟಿರುತ್ತಾನೆ.

ವಕೀಲಿ ಮಾಡುವ ನನ್ನ ಮುಂದೆ ಹೋದ ಸುಗ್ಗಿಯಲ್ಲಿ ಕಲಬುರಗಿ ಗಂಜಿನ, ಅಂದರೆ ಕೃಷಿ ಮಾರುಕಟ್ಟೆಯ, ಅಡತ್ (ದಲ್ಲಾಳಿ) ಅಂಗಡಿಯೊಂದರ ತಕರಾರು ಬಂತು. ಆಳಂದ ಕಡೆಯ ರೈತರೊಬ್ಬರ ತೊಗರಿ ಮಾರಾಟದ ಪಟ್ಟಿಯ ಹಣವನ್ನು ಅಂಗಡಿಯ ಲೆಕ್ಕ ಬರೆಯುವ ಮುನೀಮರು ಮೊಬೈಲ್‌ನಿಂದ ಅದೇ ಹೆಸರಿನ ಇನ್ನೊಬ್ಬರಿಗೆ ಕಳುಹಿಸಿಬಿಟ್ಟಿದ್ದರು. ಶರಣಬಸವೇಶ್ವರರ ಊರಿನಲ್ಲಿ ಶರಣಬಸಪ್ಪಂದಿರಿಗೆ ಬರವೇ? ಹಣ ಸೇರಿದವರಿಗೆ ಫೋನ್ ಮಾಡಿದರೆ, ‘ಸಾಹುಕಾರರೇ, ತಪ್ಪು ನಿಮ್ಮದು. ನಾನೇನು ಹಾಕಿ ಎಂದು ಕೇಳಿದ್ದೆನೇ? ಮಗಳ ಮದುವೆಯ ಸಾಲಕ್ಕೆ ಕಟ್ಟಿಯೂ ಆಯಿತು’ ಎಂಬ ಉತ್ತರ. ಬ್ಯಾಂಕಿನವರು ಖಾತೆದಾರರ ಒಪ್ಪಿಗೆ ಇಲ್ಲದೆ ತಾವು ಹಣ ತೆಗೆಯಲಾಗದು ಎಂದರು. ಇತ್ತ ರೈತರು ಅಂಗಡಿಯ ಕಟ್ಟೆ ಬಿಟ್ಟು ಏಳಲಿಲ್ಲ, ಅವರದೇನು ತಪ್ಪು?

1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಂ ಎರಡೇ ಸಾಲಿನದು. ತಪ್ಪಿನಿಂದಾಗಲಿ ಒತ್ತಾಯದಿಂದಾಗಲಿ ಕೊಟ್ಟ ಹಣವನ್ನು ಪಡೆದವನು ಹಿಂದಿರುಗಿಸಬೇಕು. ಕೊಟ್ಟವನು ಎಚ್ಚರದಿಂದ ಇದ್ದನೇ ಎಂಬ ಪ್ರಶ್ನೆ ಅಲ್ಲಿಲ್ಲ. ‘ಖರ್ಚಾಯಿತು’ ಎಂಬ ಸಬೂಬೂ ಹಳೆಯದೇ. ಬನಾರಸಿನ ಸಂಸ್ಥೆಯೊಂದು ಬೆಳ್ಳಿಯ ವಾಯಿದೆ ವ್ಯಾಪಾರದ (ಮುಂದೊಂದು ದಿನ ಮಾಲು ಕೊಡುವ ಕರಾರಿನ) ಮೇಲೆ ಕಟ್ಟಿದ್ದ ಮಾರಾಟ ತೆರಿಗೆ ಸಂವಿಧಾನಬಾಹಿರ ಎಂದಾದಾಗ ಸರ್ಕಾರವೂ ಅದನ್ನೇ ಹೇಳಿ ನೋಡಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಾನೂನನ್ನು ತಪ್ಪಾಗಿ ತಿಳಿದು ಕೊಟ್ಟ ಹಣಕ್ಕೂ 72ನೇ ಕಲಂ ಅನ್ವಯಿಸುತ್ತದೆ ಎಂದಿತು.

ಗಂಜಿನ ಸಾಹುಕಾರರಿಗೆ ಈ ತೀರ್ಪನ್ನು ಹೇಳಿದರೆ ಮುಖ ಅರಳುತ್ತದೆ. ಅದೇ ಕೋರ್ಟಿನ 1996ರ ಡಿಸೆಂಬರಿನ ಮಫತ್‌ಲಾಲ್ ತೀರ್ಪನ್ನು ಹೇಳಿದರೆ ಚಹಾ ತರಿಸುವ ನೆಪದಲ್ಲಿ ಮಾತು ಬದಲಿಸುತ್ತಾರೆ. 9 ನ್ಯಾಯಮೂರ್ತಿಗಳ ಪೀಠ ಅಲ್ಲಿ ಹೇಳಿದ್ದು ಸರಳ: ಹೆಚ್ಚಾಗಿ ಕಟ್ಟಿದ ತೆರಿಗೆಯನ್ನು ಗ್ರಾಹಕರಿಂದ ಆಗಲೇ ವಸೂಲಿ ಮಾಡಿಕೊಂಡಿದ್ದರೆ, ಅದನ್ನು ಮತ್ತೆ ಸರ್ಕಾರದಿಂದ ಕೇಳಬಾರದು. ಹೊರೆ ಹೊತ್ತವನು ಗ್ರಾಹಕ, ಮರುಪಾವತಿ ಮಾತ್ರ ಅಂಗಡಿಗೆ ಎಂದರೆ ಅದು ಅನ್ಯಾಯದ ಗಳಿಕೆಯೇ.

ಹಾಗಿದ್ದರೂ ಹೆಚ್ಚಿಗೆ ಬಂದ ಹಣವನ್ನೆಲ್ಲ ಕಿತ್ತುಕೊಳ್ಳಲೇಬೇಕು ಎನ್ನುವವನು ನಾನಲ್ಲ. ನಿವೃತ್ತ ಜವಾನರೊಬ್ಬರು ನೋಟಿಸ್ ಹಿಡಿದು ಬಂದಿದ್ದರು. ಕಚೇರಿಯವರು ವೇತನ ನಿಗದಿಯಲ್ಲಿ ಎಂದೋ ಮಾಡಿದ ತಪ್ಪಿಗೆ ಅವರ ನಿವೃತ್ತಿ ಹಣದಲ್ಲಿ ಕಡಿತ! ಪ್ಲಾಸ್ಟಿಕ್ ಚೀಲದಲ್ಲಿ ಸೇವಾ ಪುಸ್ತಕದ ನಕಲು, ಕೊನೆಯ ವೇತನ ಪತ್ರ, ಮಡಿಕೆ ಹರಿದ ಆದೇಶದ ಪ್ರತಿ. ಲೆಕ್ಕ ತಪ್ಪಿದವರು ಬಡ್ತಿ ಪಡೆದು ಹೋಗಿದ್ದರು. ಇಂಥ ವಸೂಲಿಗೆ 2014ರಲ್ಲಿ ರಫೀಕ್ ಮಸೀಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿದೆ. ‘ಸಿ’, ‘ಡಿ’ ವರ್ಗದ ನೌಕರರು, ನಿವೃತ್ತರು, ಒಂದು ವರ್ಷದೊಳಗೆ ನಿವೃತ್ತರಾಗುವವರು ಇವರಿಂದ ವಸೂಲಿ ಸಲ್ಲದು. ಐದು ವರ್ಷಕ್ಕೂ ಹೆಚ್ಚು ಕಾಲ ಕೊಟ್ಟ ಮೇಲೆ ವಸೂಲಿ ಆದೇಶ ಹೊರಡಿಸುವುದೂ ಸಲ್ಲದು. ತೀರ್ಪು ಬಂದು ಇಷ್ಟು ವರ್ಷವಾದರೂ ನೋಟಿಸ್‌ಗಳು ಹೊರಡುತ್ತಲೇ ಇವೆ. ಸಣ್ಣ ನೌಕರ ಕಲಬುರಗಿ ಹೈಕೋರ್ಟ್ ಪೀಠದ ತನಕ ಬರಲಾರ ಎಂಬ ಧೈರ್ಯವಲ್ಲದೆ ಇದು ಮತ್ತೇನು? ದುಡಿದು ಉಂಡ ಅನ್ನವನ್ನು ಮುಪ್ಪಿನಲ್ಲಿ ಕಕ್ಕಿಸುವುದು, ಇನ್ನೊಬ್ಬನ ತೊಗರಿಯ ಹಣವನ್ನು ತಿಳಿದೂ ತಿಳಿದೂ ಇಟ್ಟುಕೊಂಡವನಿಂದ ವಾಪಸ್ ಪಡೆಯುವುದು ಎರಡೂ ಒಂದೇ ಎಂದು ಯಾರಾದರೂ ವಾದಿಸಿದರೆ ನನ್ನ ಬಳಿ ತಾಳ್ಮೆಯಿಲ್ಲ.

ಹಣ ತಪ್ಪಿ ಹೋದವರು ಮಾತ್ರ ‘ಇಂದು ಕೊಡುತ್ತಾನೆ, ನಾಳೆ ಕೊಡುತ್ತಾನೆ’ ಎಂದು ಕೂರಬೇಡಿ. ಅಂದೇ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಆಮೇಲೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳುಹಿಸಿ. ದಾವೆಗೆ ಮೂರು ವರ್ಷದ ಕಾಲಮಿತಿ ಇದೆ. ಮೊತ್ತ ಸಣ್ಣದಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು, ದಾವೆ ಹೂಡದೆಯೇ ಲೋಕ ಅದಾಲತ್‌ಗೆ ಹೋಗಬಹುದು. ಕೋರ್ಟ್ ಶುಲ್ಕವೂ ಇಲ್ಲ. ನಮ್ಮ ಮುನೀಮರ ಪ್ರಕರಣ ನೋಟಿಸ್‌ಗೇ ಬಗ್ಗಿತು, ಹಣ ಮೂರು ಕಂತಿನಲ್ಲಿ ಬಂತು.