ಸೊನ್ನೆ ಹಚ್ಚುವ ಮೊದಲು

4.8 ದೊಡ್ಡದೋ, 4.63 ದೊಡ್ಡದೋ? ಐದನೇ ಕ್ಲಾಸಿನ ಮಕ್ಕಳ ಮುಂದೆ ಈ ಪ್ರಶ್ನೆ ಇಟ್ಟು ನೋಡಿ. ತೀರ್ಥಹಳ್ಳಿ ಕಡೆಯ ನಮ್ಮೂರ ಶಾಲೆಯಾಗಲಿ, ನಾನು ಈಗಿರುವ ಮೆಲ್ಬರ್ನಿನ ಶಾಲೆಯಾಗಲಿ, 4.63 ಎನ್ನುವವರು ಸಿಕ್ಕೇ ಸಿಗುತ್ತಾರೆ. ಅರವತ್ತಮೂರು ಎಂಟಕ್ಕಿಂತ ದೊಡ್ಡದಲ್ಲವೇ, ಅದಕ್ಕೆ. ತಪ್ಪು ಎರಡೂ ಕಡೆ ಒಂದೇ, ತಿದ್ದುವ ದಾರಿ ಬೇರೆ ಬೇರೆ. ನಮ್ಮ ಕಡೆ ಒಂದು ಸೂತ್ರ ಹೇಳಿಕೊಡುತ್ತಾರೆ: ಚುಕ್ಕಿಯ ಬಲಗಡೆ ಅಂಕಿ ಕಡಿಮೆ ಇರುವಲ್ಲಿ ಸೊನ್ನೆ ಹಚ್ಚಿ ಸರಿಸಮ ಮಾಡು, ಆಮೇಲೆ ಹೋಲಿಸು. 4.80, 4.63. ಎಂಬತ್ತು ದೊಡ್ಡದು, ಮುಗಿಯಿತು. ಪರೀಕ್ಷೆಯಲ್ಲಿ ಅಂಕ ಬರುತ್ತದೆ. ಅಂಕ ಬಂತಲ್ಲ ಎಂದು ಅಲ್ಲಿಂದ ಮುಂದೆ ಯಾರೂ ಏನೂ ಕೇಳುವುದಿಲ್ಲ, ನನ್ನ ತಕರಾರು ಇರುವುದು ಅಲ್ಲಿ.

ಕಳೆದ ಸಲ ಊರಿಗೆ ಹೋದಾಗ ತಮ್ಮನ ಮಗಳ ಗಣಿತದ ನೋಟುಪುಸ್ತಕ ನೋಡಿದೆ. ಆರನೇ ಕ್ಲಾಸು, ಚುರುಕು ಹುಡುಗಿ. ದಶಮಾಂಶ ಹೋಲಿಸುವ ಲೆಕ್ಕಗಳು ಸಾಲಾಗಿದ್ದವು, ಎಲ್ಲಕ್ಕೂ ಕೆಂಪು ಶಾಯಿಯಲ್ಲಿ ಸರಿ ಗುರುತು. ನಾನು ಹಿಂದಿನ ಪುಟದಲ್ಲಿ ಒಂದು ಗೆರೆ ಎಳೆದು, ಈ ತುದಿ ಸೊನ್ನೆ, ಆ ತುದಿ ಒಂದು, ಇದರ ಮೇಲೆ 0.7 ಎಲ್ಲಿ, 0.65 ಎಲ್ಲಿ ತೋರಿಸು ಅಂದೆ. 0.65ನ್ನು ಗೆರೆಯ ಮೂರನೇ ಎರಡು ಭಾಗದ ಹತ್ತಿರ ಸರಿಯಾಗಿಯೇ ಗುರುತು ಮಾಡಿದಳು. 0.7ನ್ನು ಮಾತ್ರ ಸೊನ್ನೆಗೆ ಅಂಟಿದ ಹಾಗೆ ಇಟ್ಟಳು. 0.70 ಎಲ್ಲಿ ಬರುತ್ತದೆ ಎಂದು ಕೇಳಿದರೆ ಅದು 0.65ರ ಆಚೆ ಹೋಯಿತು. ಒಂದೇ ಸಂಖ್ಯೆಗೆ ಎರಡು ಜಾಗ.

"ಇದೆಂತ ಮಾರಾಯ್ತಿ, 0.7ಕ್ಕೂ 0.70ಕ್ಕೂ ಇಷ್ಟು ದೂರವಾ?"

"ಎಂತ ದೊಡ್ಡಪ್ಪ, ಸೊನ್ನೆ ಹಾಕಿದ್ಮೇಲೆ ಅದು ಎಪ್ಪತ್ತಾಯ್ತಲ್ಲ!"

ಅವಳ ಮಾತಿನಲ್ಲಿ ಒಂದು ನ್ಯಾಯವಿದೆ. ಸಂಖ್ಯೆಯ ಕೊನೆಗೆ ಸೊನ್ನೆ ಹಾಕಿದರೆ ಹತ್ತು ಪಟ್ಟಾಗುತ್ತದೆ ಎಂದು ಕೆಳಗಿನ ಕ್ಲಾಸಿನಲ್ಲಿ ನಾವೇ ಕಲಿಸಿದ್ದು: 7, 70, 700. ಈಗ ಅದೇ ಸೊನ್ನೆ ಹಾಕು, ಬೆಲೆ ಬದಲಾಗುವುದಿಲ್ಲ ಅನ್ನುತ್ತೇವೆ. ಹತ್ತರಲ್ಲಿ ಏಳು ಪಾಲು ಅಂದರೂ ಒಂದೇ, ನೂರರಲ್ಲಿ ಎಪ್ಪತ್ತು ಪಾಲು ಅಂದರೂ ಒಂದೇ ಎನ್ನುವುದು ಕಣ್ಣಿಗೆ ಬೀಳದ ಹೊರತು ಈ ಎರಡು ಮಾತು ಒಟ್ಟಿಗೆ ನಿಲ್ಲುವುದಿಲ್ಲ. ಮಕ್ಕಳು ಜಗಳ ಕಾಯುವುದಿಲ್ಲ, ಎರಡನ್ನೂ ಒಪ್ಪಿಕೊಂಡು ಚುಕ್ಕಿಯ ಬಲಭಾಗವನ್ನು ಇನ್ನೊಂದು ಪೂರ್ಣಸಂಖ್ಯೆ ಎಂದೇ ಓದುತ್ತಾ ಹೋಗುತ್ತಾರೆ. ಸೊನ್ನೆಯ ಸೂತ್ರ ಆ ಓದಿಗೆ ಅಡ್ಡ ಬರುವ ಬದಲು ಅನುಕೂಲ ಮಾಡಿಕೊಡುತ್ತದೆ.

ಮೆಲ್ಬರ್ನಿನಲ್ಲಿ ನನ್ನ ಮಗ ಇದನ್ನು ಕಲಿತ ಬಗೆ ಹೀಗಿತ್ತು. ಆಸ್ಟ್ರೇಲಿಯಾದ ಪಠ್ಯಕ್ರಮದಲ್ಲಿ ಹತ್ತನೇ, ನೂರನೇ ಪಾಲುಗಳು ನಾಲ್ಕನೇ ವರ್ಷಕ್ಕೆ ಬರುತ್ತವೆ. ಎರಡಕ್ಕಿಂತ ಹೆಚ್ಚು ದಶಮಾಂಶ ಸ್ಥಾನ ಇರುವ ಸಂಖ್ಯೆಗಳನ್ನು ಹೋಲಿಸಿ ಜೋಡಿಸುವುದು ಐದನೇ ವರ್ಷದ ಪಾಠ. ಅವನ ಕ್ಲಾಸಿನಲ್ಲಿ ಪುಸ್ತಕ ತೆರೆಯುವ ಮೊದಲು ಪೈಪಿನ ತುಂಡುಗಳು ಬಂದವು. ಒಂದು ಉದ್ದದ ಪೈಪು, ಅದು ಒಂದು. ಅದರ ಹತ್ತನೇ ಒಂದು ಉದ್ದದ ತುಂಡುಗಳು, ನೂರನೇ ಒಂದು ಉದ್ದದ ತುಂಡುಗಳು, ಸಾವಿರದ ಪಾಲಿಗೆ ತೆಳು ವಾಷರುಗಳು. 0.3 ಕಟ್ಟು, 0.125 ಕಟ್ಟು, ನೆಲದ ಮೇಲೆ ಪಕ್ಕಪಕ್ಕ ಇಡು. ಮೂರು ದೊಡ್ಡ ತುಂಡಿನ ಪಕ್ಕ ಒಂದು ದೊಡ್ಡ ತುಂಡು, ಎರಡು ಚಿಕ್ಕವು, ಐದು ವಾಷರು. ಅಂಕಿಗಳು ಮೂರಿದ್ದರೂ ಉದ್ದ ಅರ್ಧಕ್ಕೂ ಬರುವುದಿಲ್ಲ. ಇಷ್ಟು ಕಂಡ ಮೇಲೆ 125, 3ಕ್ಕಿಂತ ದೊಡ್ಡದಲ್ಲವೇ ಎನ್ನುವ ವಾದ ಆ ಕೋಣೆಯಲ್ಲಿ ಉಳಿಯಲಿಲ್ಲ.

ಈ ಪೈಪಿನ ಪಾಠಕ್ಕೆ ಹಿನ್ನೆಲೆ ಇದೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಕೇ ಸ್ಟೇಸಿ ಮತ್ತು ವಿಕಿ ಸ್ಟೈನ್ಲ್ 1990ರ ದಶಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಇದೊಂದೇ ವಿಷಯದಲ್ಲಿ ಅವರು ಹೇಗೆ ಯೋಚಿಸುತ್ತಾರೆ ಎಂದು ನೋಡಿದರು. ಅಂಕಿಗಳ ಸಾಲು ಉದ್ದ ಇದ್ದದ್ದೇ ದೊಡ್ಡದು ಎನ್ನುವ ಮಕ್ಕಳು ಇದ್ದೇ ಇದ್ದರು, ಅವರು ಎಲ್ಲ ದೇಶದಲ್ಲೂ ಇದ್ದಾರೆ. ಇನ್ನೊಂದು ಗುಂಪು ಉಲ್ಟಾ, ಗಿಡ್ಡ ಇದ್ದದ್ದೇ ದೊಡ್ಡದು ಎನ್ನುವವರು. ನೂರನೇ ಪಾಲು ಹತ್ತನೇ ಪಾಲಿಗಿಂತ ಚಿಕ್ಕದು ಎಂದು ಅವರಿಗೆ ಗೊತ್ತು, ಆದ್ದರಿಂದ ನೂರನೇ ಪಾಲುಗಳಿರುವ 0.45, ಹತ್ತನೇ ಪಾಲುಗಳಿರುವ 0.3ಕ್ಕಿಂತ ಚಿಕ್ಕದು ಎಂದು ತೀರ್ಮಾನಿಸುತ್ತಾರೆ. ಎಷ್ಟು ಪಾಲು ಎನ್ನುವುದನ್ನು ಎಣಿಸಲು ಮರೆಯುತ್ತಾರೆ. ಮೂರನೆಯವರು ದುಡ್ಡಿನ ಲೆಕ್ಕದವರು: ಎರಡು ಅಂಕಿ ನೋಡಿ ನಿಲ್ಲಿಸಿಬಿಡುತ್ತಾರೆ. 4.45 ಮತ್ತು 4.4502 ಎರಡೂ ಒಂದೇ ಎನ್ನುತ್ತಾರೆ, ಪೈಸೆಯಿಂದಾಚೆ ಏನಿದೆ ಎಂಬಂತೆ.

ಇದರಲ್ಲಿ ನನಗೆ ಮುಖ್ಯ ಅನಿಸಿದ್ದು ಪ್ರಶ್ನೆ ಆರಿಸುವ ಚಾಕಚಕ್ಯತೆ. ಗಿಡ್ಡದ್ದೇ ದೊಡ್ಡದು ಎನ್ನುವ ಹುಡುಗನಿಗೆ 4.8, 4.63 ಕೊಡಿ, ಸರಿ ಉತ್ತರ ಬರೆದು ಸರಿ ಗುರುತು ತಗೊಳ್ಳುತ್ತಾನೆ. ಉದ್ದದ್ದೇ ದೊಡ್ಡದು ಎನ್ನುವವಳಿಗೆ 0.3, 0.45 ಕೊಡಿ, ಅವಳೂ ಪಾಸು. ಎರಡೂ ಜಾತಿಯ ಜೋಡಿ ಕೊಟ್ಟರೆ ಮಾತ್ರ ಬಣ್ಣ ಬಯಲು. ಇನ್ನು 0.35, 0.41ರಂಥ ಜೋಡಿಗಳಿವೆ, ಎರಡೂ ಕಡೆ ಸಮ ಅಂಕಿ. ಗೈಡುಗಳಲ್ಲಿ, ಅಂಗಡಿಯ ವರ್ಕ್‌ಶೀಟುಗಳಲ್ಲಿ ಇವು ಧಾರಾಳ. ಏನೂ ತಿಳಿಯದ ಮಗುವೂ ಇವನ್ನು ಸರಿ ಮಾಡುತ್ತದೆ, ಮೇಷ್ಟ್ರಿಗೂ ಏನೂ ತಿಳಿಯುವುದಿಲ್ಲ.

ಹಾಗಂತ ಮೆಲ್ಬರ್ನಿಗೆ ಆರತಿ ಎತ್ತುವ ಇರಾದೆ ನನಗಿಲ್ಲ. ಪೈಪು ಕಟ್ಟಿ ಬಿಚ್ಚಿ ವಾರಗಟ್ಟಲೆ ಕಳೆಯುತ್ತಾರೆ. ಆಮೇಲೆ ಆರು ಸಂಖ್ಯೆಯನ್ನು ಏರಿಕೆ ಕ್ರಮದಲ್ಲಿ ಬರಿ ಎಂದರೆ ನನ್ನ ಮಗನಿಗೆ ಅರ್ಧ ಪೀರಿಯಡ್ಡು ಬೇಕು. ಮಗ್ಗಿ ಬಾಯಿಗೆ ಬರುವುದಿಲ್ಲ, ಆರೇಳಲಿ ಎಷ್ಟು ಎಂದರೆ ಬೆರಳು ಬಿಚ್ಚುತ್ತಾನೆ. ತಮ್ಮನ ಮಗಳು ಅವನನ್ನು ಕಣ್ಣು ಮುಚ್ಚಿ ಸೋಲಿಸುತ್ತಾಳೆ. ಸೂತ್ರದ ಬಗ್ಗೆ ಅಲ್ಲಿನವರಿಗೆ ಒಂಥರಾ ಮಡಿ, ಮುಟ್ಟಿದರೆ ಮೈಲಿಗೆ. ಸೊನ್ನೆ ಹಚ್ಚುವುದು ಒಳ್ಳೆಯ ಉಪಾಯವೇ, ಅರ್ಥ ಆದ ಮೇಲೆ ಕೈಗೆ ವೇಗ ಕೊಡುತ್ತದೆ. ನಮ್ಮಲ್ಲಿ ಅದು ಪಾಠದ ಬಾಗಿಲಲ್ಲೇ ಎದುರಾಗುತ್ತದೆ, ಅವರಲ್ಲಿ ಬರುವುದೇ ಇಲ್ಲ.

ಇನ್ನೊಂದು ಸಂಗತಿ, ಇದು ಮಲೆನಾಡಿಗೇ ಸೇರಿದ್ದು. ನಮ್ಮ ಮಕ್ಕಳ ಸುತ್ತ ಚುಕ್ಕಿ ಇರುವ ಸಂಖ್ಯೆಗಳು ಬೇಕಾದಷ್ಟಿವೆ, ಆದರೆ ಅವುಗಳಲ್ಲಿ ಅರ್ಧ ದಶಮಾಂಶವೇ ಅಲ್ಲ. ಪಹಣಿ ತೆಗೆದು ನೋಡಿ. 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ ನಲವತ್ತು ಗುಂಟೆ, ಹಾಗಾಗಿ ಅದು ಎರಡೂವರೆ ಎಕರೆ. 2.39 ಆದ ಮೇಲೆ 3 ಬರುತ್ತದೆ. 1.30 ಎಕರೆ ಅಡಿಕೆ ತೋಟ, 1.20 ಎಕರೆ ಗದ್ದೆ ಸೇರಿದರೆ 3.10, ನೋಟುಪುಸ್ತಕದ ಲೆಕ್ಕದಂತೆ 2.50 ಅಲ್ಲ. ಮನೆಯಲ್ಲಿ ಪಾಲಿನ ಮಾತು ನಡೆಯುವಾಗ ಇದನ್ನೆಲ್ಲ ಕೇಳಿಸಿಕೊಂಡು ಬೆಳೆದ ಮಗು ಚುಕ್ಕಿಯನ್ನು ಎರಡು ಪೂರ್ಣಸಂಖ್ಯೆಗಳ ನಡುವಿನ ಬೇಲಿ ಎಂದುಕೊಂಡರೆ ಆಶ್ಚರ್ಯವೇನು? ಕ್ರಿಕೆಟ್ಟಿನದೂ ಇದೇ ಕತೆ: 3.5 ಓವರ್ ಎಂದರೆ ಇನ್ನೊಂದು ಬಾಲು ಬಾಕಿ, ಅದಾದರೆ 4. ಸಂಜೆ 5.30ರ ಬಸ್ಸು, ಪುಸ್ತಕದ 3.9ರ ನಂತರದ 3.10ನೇ ಅಭ್ಯಾಸ, ಎಲ್ಲವೂ ಬೇಲಿಯ ಚುಕ್ಕಿಗಳೇ. ಕ್ಲಾಸಿನಲ್ಲಿ ಒಂದು ದಿನ ಇವನ್ನೆಲ್ಲ ಬೋರ್ಡಿನ ಮೇಲೆ ಬರೆದು, ಯಾವ ಚುಕ್ಕಿ ಹತ್ತರ ಲೆಕ್ಕದ್ದು, ಯಾವುದು ನಲವತ್ತರದ್ದು, ಯಾವುದು ಆರರದ್ದು, ಯಾವುದು ಅರವತ್ತರದ್ದು ಎಂದು ಮಕ್ಕಳ ಕೈಲೇ ಬೇರೆ ಮಾಡಿಸಬೇಕು. ಮೆಲ್ಬರ್ನಿನ ಮೇಷ್ಟ್ರಿಗೆ ಈ ಪಾಠ ಹೊಳೆಯುವ ಸಾಧ್ಯತೆ ಕಡಿಮೆ, ಅವರ ಬಳಿ ಗುಂಟೆ ಇಲ್ಲ. ಕ್ರಿಕೆಟ್ಟೇನೋ ಇದೆ.

ನಿಜವಾದ ದಶಮಾಂಶಗಳಿಗೂ ನಮ್ಮಲ್ಲಿ ಬರವಿಲ್ಲ. ಆಗುಂಬೆಯ ಹತ್ತಿರದವರಿಗೆ ಮಳೆಯ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಎಷ್ಟೋ ತೋಟದ ಮನೆಗಳಲ್ಲಿ ಮಳೆಮಾಪಕ ಇದೆ, ಬೆಳಿಗ್ಗೆ ಎದ್ದು ನೋಡಿ ಕ್ಯಾಲೆಂಡರಿನ ಮೇಲೆ ಬರೆಯುವ ಅಭ್ಯಾಸವೂ ಇದೆ. ಕಾಫಿ ಸೀಮೆಯ ಹಳಬರು ಇವತ್ತಿಗೂ ಇಂಚು, ಸೆಂಟಿನಲ್ಲಿ ಮಾತಾಡುತ್ತಾರೆ. ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು. ಎರಡು ಇಂಚು ಐದು ಸೆಂಟು ಮಳೆ ಬಂದರೆ 2.05 ಎಂದು ಬರೆಯಬೇಕು. ಅವಸರದಲ್ಲಿ 2.5 ಎಂದು ಗೀಚಿದರೆ ಹತ್ತಿರ ಹತ್ತಿರ ಅರ್ಧ ಇಂಚು ಬಾರದ ಮಳೆ ಲೆಕ್ಕಕ್ಕೆ ಸೇರಿತು. ನಡುವಿನ ಸೊನ್ನೆಗೆ ಯಾಕೆ ಬೆಲೆ, ಕೊನೆಯ ಸೊನ್ನೆಗೆ ಯಾಕೆ ಇಲ್ಲ ಎಂದು ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಲಿಂಗನಮಕ್ಕಿ ಅಣೆಕಟ್ಟಿನದೂ ಹಾಗೆಯೇ. ಪೂರ್ಣಮಟ್ಟ 1819 ಅಡಿ ಎಂಬುದು ಜಿಲ್ಲೆಯ ಅರ್ಧ ಜನಕ್ಕೆ ಬಾಯಿಪಾಠ, ಮಳೆಗಾಲದಲ್ಲಿ ಪೇಪರಿನಲ್ಲಿ ಇವತ್ತಿನ ಮಟ್ಟ ನೋಡದೆ ಕಾಫಿ ಇಳಿಯದವರೂ ಇದ್ದಾರೆ. ಹೋದ ಭಾನುವಾರ 1790.9 ಅಡಿ ಇತ್ತು, ಈ ಭಾನುವಾರ 1790.15 ಇದೆ ಎಂದಿಟ್ಟುಕೊಳ್ಳಿ. ನೀರು ಏರಿತೋ ಇಳಿಯಿತೋ? ಒಂಬತ್ತಕ್ಕಿಂತ ಹದಿನೈದು ದೊಡ್ಡದು ಎನ್ನುವ ಮಗು ಏರಿತು ಎನ್ನುತ್ತದೆ. ಇಳಿದದ್ದು ಮುಕ್ಕಾಲು ಅಡಿ.

ಈ ಮುಕ್ಕಾಲು ಇದೆಯಲ್ಲ, ಅದನ್ನು ನಾವು ಕೈಬಿಟ್ಟದ್ದು ನನಗೆ ಬೇಸರ. ನಮ್ಮಜ್ಜ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಯನ್ನು ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದರು. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂದು ರೂಪಾಯಿಗೆ ಹದಿನಾರಾಣೆ ಹೋಗಿ ನೂರು ಪೈಸೆ ಆದ ಮೇಲೆ ಆ ಮಗ್ಗಿಗಳು ಶಾಲೆಯಿಂದ ನಿಧಾನಕ್ಕೆ ಮರೆಯಾದವು. ಮಗ್ಗಿ ವಾಪಸು ಬರಲಿ ಎನ್ನುತ್ತಿಲ್ಲ. ಆದರೆ ಕಾಲು, ಅರ್ಧ, ಮುಕ್ಕಾಲು ಎಂಬ ಮೂರು ಗೂಟಗಳು ಮಗುವಿನ ತಲೆಯಲ್ಲಿ ಶಾಲೆಗೆ ಸೇರುವ ಮೊದಲೇ ನೆಟ್ಟಿರುತ್ತವೆ. ಕಾಲು ಕೆಜಿ, ಅರ್ಧ ಲೀಟರು, ಮುಕ್ಕಾಲು ಗಂಟೆ. 0.25, 0.5, 0.75 ಅವೇ ಗೂಟಗಳು ಎಂದು ಗೆರೆಯ ಮೇಲೆ ತೋರಿಸಿದರೆ 0.48 ಅರ್ಧಕ್ಕೆ ಚೂರು ಕಡಿಮೆ, 0.6 ಅರ್ಧ ದಾಟಿದ್ದು, ಆದ್ದರಿಂದ 0.6 ದೊಡ್ಡದು ಎಂದು ಸೊನ್ನೆ ಹಚ್ಚದೆ ಹೇಳಬಹುದು.

ದುಡ್ಡಿನಿಂದ ಶುರು ಮಾಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ರೂಪಾಯಿ ಪೈಸೆ ಯಾವಾಗಲೂ ಎರಡೇ ಅಂಕಿಯಲ್ಲಿ ಬರುವುದರಿಂದ ಉದ್ದ ಗಿಡ್ಡದ ಪ್ರಶ್ನೆಯೇ ಏಳುವುದಿಲ್ಲ. ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯೂ ಅಷ್ಟೇ, 48.250, 48.300 ಎಂದು ಸೊನ್ನೆಯನ್ನು ತಾನೇ ಹಚ್ಚಿ ಕೊಡುತ್ತದೆ. ಗೊಂದಲ ಹುಟ್ಟದ ಕಡೆ ಗೊಂದಲ ಬಿಡಿಸುವುದು ಹೇಗೆ? ಮೆಲ್ಬರ್ನಿನ ಪೆಟ್ರೋಲ್ ಬಂಕಿನ ಬೋರ್ಡು ಇದಕ್ಕಿಂತ ವಾಸಿ. ಲೀಟರಿಗೆ 189.9 ಸೆಂಟ್ಸ್ ಎಂದು ಹಾಕಿರುತ್ತಾರೆ, ಡಾಲರಿಗೆ ತಿರುಗಿಸಿದರೆ 1.899. ಪೈಸೆಯಿಂದಾಚೆಗೂ ಅಂಕಿ ಇದೆ ಎಂದು ಮಗನಿಗೆ ಅಲ್ಲಿಯೇ ತೋರಿಸಿದ್ದೆ.

ಮಲೆನಾಡಿನ ಶಾಲೆಯಲ್ಲಿ ಇದೆಲ್ಲ ಆಗುವ ಮಾತೇ ಎಂದು ತಮ್ಮ ಕೇಳಿದ. ಒಬ್ಬರೋ ಇಬ್ಬರೋ ಮೇಷ್ಟ್ರು, ಎರಡು ಮೂರು ಕ್ಲಾಸು ಒಟ್ಟಿಗೆ, ಮಳೆಗಾಲದಲ್ಲಿ ರಜೆ ಮೇಲೆ ರಜೆ. ಅವನ ಮಾತು ಸುಳ್ಳಲ್ಲ. ಆದರೆ ಎಂಟು ಹತ್ತು ಮಕ್ಕಳ ಕ್ಲಾಸಿನಲ್ಲಿ ಒಬ್ಬೊಬ್ಬರನ್ನೂ ಗೆರೆಯ ಹತ್ತಿರ ಕರೆದು 0.7 ಎಲ್ಲಿ ತೋರಿಸು ಎನ್ನಲು ಅರ್ಧ ಗಂಟೆ ಸಾಕು, ಪೇಟೆಯ ದೊಡ್ಡ ಕ್ಲಾಸಿನಲ್ಲಿ ಅದು ಕಷ್ಟ. ಆ ಅರ್ಧ ಗಂಟೆಯಲ್ಲಿ 0.6ಕ್ಕೂ 0.7ಕ್ಕೂ ನಡುವೆ ಯಾವುದಾದರೂ ಸಂಖ್ಯೆ ಇದೆಯಾ ಎಂದೂ ಕೇಳಬೇಕು. ಇಲ್ಲ ಎನ್ನುವ ಮಗುವಿಗೆ ಸೊನ್ನೆಯ ಸೂತ್ರ ಇನ್ನೂ ಹೇಳಬಾರದು.

ಪೈಪಿಗಂತೂ ನಮ್ಮಲ್ಲಿ ಬಡತನವಿಲ್ಲ. ಯಾವ ತೋಟದ ಮನೆಯ ಕೊಟ್ಟಿಗೆಯ ಅಟ್ಟ ಹತ್ತಿದರೂ ಹನಿ ನೀರಾವರಿಯ ಹಳೇ ಕಪ್ಪು ಪೈಪಿನ ಸುರುಳಿ ಸಿಗುತ್ತದೆ. ಬಿಸಿಲಿಗಿಟ್ಟು ನೆಟ್ಟಗೆ ಮಾಡಿ ಒಂದು ಮೀಟರಿನದೊಂದು, ಹತ್ತು ಸೆಂಟಿಮೀಟರಿನವು ಹತ್ತು, ಒಂದು ಸೆಂಟಿಮೀಟರಿನವು ಹತ್ತು ಕತ್ತರಿಸಿದರೆ ಆಯಿತು. ಚಿಕ್ಕ ತುಂಡು ಕೊಯ್ಯುವಾಗ ಹ್ಯಾಕ್ಸಾ ಬ್ಲೇಡು ತಿನ್ನುವಷ್ಟನ್ನು ಸೇರಿಸಿ ಅಳತೆ ಹಾಕಿ, ಇಲ್ಲವಾದರೆ ಹತ್ತು ಸೇರಿದರೂ ದೊಡ್ಡ ತುಂಡಿಗೆ ಸಮ ಬರುವುದಿಲ್ಲ, ಮಕ್ಕಳು ಅದನ್ನೇ ಮೊದಲು ಹಿಡಿಯುತ್ತಾರೆ. ವಾಷರು ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಒಂದು ಮಿಲಿಮೀಟರ್ ದಪ್ಪದ್ದೇ ಬೇಕು ಎಂದು ಕೇಳಿ ತಗೊಳ್ಳಿ.