ಸ್ಪಷ್ಟನೆ: ಸಂಶೋಧನೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಅಜ್ಜನ ಚಿಕಿತ್ಸೆ ನಿಲ್ಲುವುದಿಲ್ಲ

ಹುಬ್ಬಳ್ಳಿ-ಧಾರವಾಡದ ಮನೆಮಂದಿಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ‘ಮೆಡಿಕಲ್ ವಿದ್ಯಾರ್ಥಿಗಳು ವಯಸ್ಸಾದವರ ಮೇಲೆ ಸಂಶೋಧನೆ ಮಾಡ್ತಾರೆ. ಸಹಿ ಹಾಕಿದರೆ ಚಿಕಿತ್ಸೆ ನಿಲ್ಲಿಸಿ, ಮಾರ್ಫಿನ್ ಕೊಟ್ಟು ಮುಗಿಸ್ತಾರೆ’ ಅಂತ. ಇದು ತಪ್ಪು.

ಸಂಶೋಧನೆಗೆ ಮೊದಲು, ರೋಗಿಗಳ ಹಿತ ಕಾಯಲು ಅದನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಚಿಕಿತ್ಸೆಗೆ ತೊಂದರೆ ಆಗಬಾರದು. ವಿದ್ಯಾರ್ಥಿಗಳ ಹೆಚ್ಚಿನ ಅಧ್ಯಯನಗಳು ಪ್ರಶ್ನೆ ಕೇಳುವುದೇ: ನೋವು ಎಷ್ಟಿದೆ, ನಿದ್ದೆ ಬರುತ್ತದೆಯೇ, ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ? ಹೀಗೆ ಕೇಳಿ ಕಲಿಯದಿದ್ದರೆ ನಾಳೆ ನಮ್ಮ ಹಿರಿಯರ ನೋವು ಅವರಿಗೆ ತಿಳಿಯುವುದಾದರೂ ಹೇಗೆ?

ಇನ್ನು ಮಾರ್ಫಿನ್, ಅಂದರೆ ತೀವ್ರ ನೋವಿಗೆ ಕೊಡುವ ಔಷಧಿ. ಸುಮ್ನೆ ಹೆದರುವವರೇ ಜಾಸ್ತಿ. ಇದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ನೋವಿನ ರೋಗಿಗಳಿಗೆ ಸುಲಭವಾಗಿ ಸಿಗಲಿ ಎಂದೇ 2014ರಲ್ಲಿ ಮಾದಕವಸ್ತು ಕಾನೂನಿಗೆ ತಿದ್ದುಪಡಿ ತಂದರು. ವೈದ್ಯರು ಕಡಿಮೆ ಪ್ರಮಾಣದಿಂದ ಶುರು ಮಾಡಿ, ನೋವು ನೋಡಿಕೊಂಡು ಹೆಚ್ಚಿಸುತ್ತಾರೆ. ಮಲಬದ್ಧತೆ ಆಗುತ್ತದೆ, ಅದಕ್ಕೆ ಜೊತೆಯಲ್ಲೇ ಔಷಧಿ ಕೊಡುತ್ತಾರೆ. ಉಪಶಾಮಕ ಆರೈಕೆ (ರೋಗಿಯ ನೋವು, ಸಂಕಟ ಕಡಿಮೆ ಮಾಡುವ ಆರೈಕೆ) ಎಂದರೆ ಕೈಬಿಡುವುದಲ್ಲ. ಕ್ಯಾನ್ಸರ್‌ಗೆ ಕಿಮೊ ಚಿಕಿತ್ಸೆ ನಡೆಯುತ್ತಿರುವಾಗಲೂ ಅದನ್ನು ಕೊಡಬಹುದು.

ಸಂದೇಶ ಓದಿ ಹೆದರಿ, ನಡೆಯುತ್ತಿರುವ ಮಾರ್ಫಿನ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ನೋವು ಮರಳುತ್ತದೆ, ಮೈ ನಡುಗಿ ಸಂಕಟವೂ ಆಗಬಹುದು. ಅನುಮಾನವಿದ್ದರೆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಕೇಳಿ, ಓದಿಸಿಕೊಳ್ಳಿ. ‘ಸರ್, ಬೇಡ ಅಂದ್ರೆ ನಮ್ಮ ಅಜ್ಜನ ಔಷಧಿ ನಿಲ್ಲುತ್ತದೆಯೇ?’ ಎಂದು ನೇರವಾಗಿ ಕೇಳಿ. ಉತ್ತರ ಕೊಡುವುದು ಅವರ ಕರ್ತವ್ಯ.