ಜೀಪ್ ರೆಡಿ ಆಯ್ತು, ರೆಸ್ಟೋರ್ ಆಗಿಲ್ಲ

ನಾನು ಇರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಊರು ಕೊಡಗಿನ ಕಕ್ಕಬ್ಬೆ ಹತ್ತಿರ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ. ಇಲ್ಲಿ ನಮ್ಮ ಬೀದಿಯ ತುದಿಯಲ್ಲಿ ಒಬ್ಬರು ತಾತ ಇದ್ದಾರೆ. ಅವರ ಹತ್ತಿರ 1970ರ ಲ್ಯಾಂಡ್ ರೋವರ್ ಇದೆ. ನಮ್ಮಪ್ಪನ ಹತ್ತಿರ 1972ರ ಮಹೀಂದ್ರ ಜೀಪು, ಬಾನೆಟ್ ಎತ್ತರದ ಸಿಜೆ 3ಬಿ. ಎರಡೂ ಗಾಡಿಗಳಿಗೆ ಈಚೆಗೆ ಹೊಸ ಜೀವ ಬಂದಿದೆ. ತಾತ ತನ್ನ ಕೆಲಸಕ್ಕೆ 'ರೆಸ್ಟೋರ್' ಅನ್ನುತ್ತಾರೆ. ನಮ್ಮ ವಿರಾಜಪೇಟೆಯ ಗ್ಯಾರೇಜ್ ಮೇಸ್ತ್ರಿ 'ರೆಡಿ ಮಾಡೋದು' ಅನ್ನುತ್ತಾರೆ. ಈ ಎರಡು ಮಾತು ಒಂದೇ ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ.

ಅಲ್ಲ.

ತಾತನ ಗ್ಯಾರೇಜಿಗೆ ಮೊದಲ ಸಲ ಹೋದಾಗ ಹೊರಗೆ ಹಿಮ, ಒಳಗೆ ಒಂದು ಸಣ್ಣ ಹೀಟರ್. ಗೋಡೆಯ ಶೆಲ್ಫಿನಲ್ಲಿ ಸಾಲಾಗಿ ಪ್ಲಾಸ್ಟಿಕ್ ಚೀಲಗಳು. ಪ್ರತಿ ಚೀಲಕ್ಕೂ ಒಂದು ಚೀಟಿ. ಎಡ ಬಾಗಿಲಿನ ಮೇಲಿನ ಕೀಲು, ನಾಲ್ಕು ಬೋಲ್ಟ್, ಹೀಗೆ. ಬಿಚ್ಚುವ ಮೊದಲು ಒಂದು ಫೋಟೊ, ಬಿಚ್ಚಿದ ಮೇಲೆ ಒಂದು ಫೋಟೊ. ಎಲ್ಲಾ ಸೇರಿ ನಮ್ಮ ಮನೆಯ ಜಮಾಬಂದಿ ಕಡತಕ್ಕಿಂತ ದಪ್ಪದ ಫೈಲು. ಇದಕ್ಕೆ ಅವರಿಗೆ ಆರು ವರ್ಷ ಹಿಡಿಯಿತು. ಈಗ ಆ ಗಾಡಿ ವರ್ಷಕ್ಕೆ ಮುನ್ನೂರು ಮೈಲಿ ಓಡಿದರೆ ಜಾಸ್ತಿ.

ನಮ್ಮ ಜೀಪಿಗೆ ಆರು ವರ್ಷ ರಜಾ ಕೊಟ್ಟರೆ ಅಪ್ಪ ನನ್ನನ್ನು ಮನೆಗೆ ಸೇರಿಸುವುದಿಲ್ಲ. ಡಿಸೆಂಬರಿನಿಂದ ಮಾರ್ಚ್ ತನಕ ಕಾಫಿ, ಕರಿಮೆಣಸು ಎರಡೂ ಅದರ ಮೇಲೇ ಕಣಕ್ಕೆ ಇಳಿಯಬೇಕು. ಮಳೆಗಾಲದಲ್ಲಿ ಮರ ಬಿದ್ದು ದಾರಿ ಕಟ್ಟಿದರೆ ಎಳೆಯುವುದಕ್ಕೂ ಅದೇ. ನನ್ನ ಅಕ್ಕನ ಹೆರಿಗೆಗೆ ಮಡಿಕೇರಿಗೆ ಹೋಗಿದ್ದೂ ಅದರಲ್ಲೇ.

ಎರಡು ಗಾಡಿಗಳಿಗೂ ನೆಂಟಸ್ತಿಕೆ ಇದೆ ಅನ್ನುವುದು ನನಗೆ ಗೊತ್ತಾಗಿದ್ದು ತಾತನಿಂದಲೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ವೇಲ್ಸ್‌ನ ಆಂಗಲ್ಸಿ ದ್ವೀಪದ ತನ್ನ ಜಮೀನಿನಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿಯ ಒಂದು ಹಳೇ ಜೀಪು ಓಡಿಸುತ್ತಿದ್ದರಂತೆ. ಅದು ಸವೆದರೆ ಮುಂದೇನು ಅನ್ನುವ ಯೋಚನೆಯಿಂದಲೇ ಲ್ಯಾಂಡ್ ರೋವರ್ ಹುಟ್ಟಿದ್ದು, 1948ರಲ್ಲಿ. ಮೊದಲು ಮಾಡಿದ ಮಾದರಿ ಗಾಡಿಗೆ ಜೀಪಿನ ಚಾಸಿಯನ್ನೇ, ಅಂದರೆ ಕೆಳಗಿನ ಚೌಕಟ್ಟನ್ನೇ ಹಾಕಿದ್ದರು. ನಮ್ಮ ಸಿಜೆ 3ಬಿ ಕೂಡ ಅದೇ ವಿಲ್ಲಿಸ್ ಮನೆತನದ್ದು. ಹಾಗಾಗಿ ನಮ್ಮಪ್ಪನ ಗಾಡಿ ತಾತನ ಗಾಡಿಗೆ ಅಣ್ಣನ ವರಸೆ ಅಂತ ನಾನು ತಮಾಷೆ ಮಾಡುವುದುಂಟು. ತಾತನಿಗೆ ನಗು ಬರುವುದಿಲ್ಲ.

ಇಲ್ಲಿನವರ ಕೆಲಸ ಯಾವಾಗಲೂ ಚಾಸಿಯಿಂದ ಶುರು. ಯಾಕೆಂದರೆ ಚಳಿಗಾಲದಲ್ಲಿ ಹಿಮ ಕಟ್ಟಬಾರದು ಅಂತ ರಸ್ತೆಗೆಲ್ಲಾ ಉಪ್ಪು ಎರಚುತ್ತಾರೆ. ಲ್ಯಾಂಡ್ ರೋವರಿನ ಮೈ ಅಲ್ಯೂಮಿನಿಯಂ, ಅದಕ್ಕೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಚಾಸಿ ಉಕ್ಕಿನದು. ಮೇಲೆ ಗಾಡಿ ಫಳಫಳ ಅಂತಿರುತ್ತದೆ, ಕೆಳಗೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಅದಕ್ಕೆ ಸತುವಿನಲ್ಲಿ ಅದ್ದಿ ತೆಗೆದ ಹೊಸ ಚಾಸಿ ತರಿಸಿ, ಅದರ ಮೇಲೆ ಹಳೇ ಮೈ ಕೂರಿಸುತ್ತಾರೆ. ಆಮೇಲೆ ಬ್ರೇಕು. ಎಂಜಿನ್ ಕೊನೆಗೆ. ಹಲವರು 2286 ಸಿಸಿಯ ಹಳೇ ಎಂಜಿನ್ ತೆಗೆದು ಡಿಸ್ಕವರಿ ಗಾಡಿಯ 200 ಟಿಡಿಐ ಟರ್ಬೊ ಡೀಸೆಲ್ ಹಾಕುತ್ತಾರೆ. ಡಿಸ್ಕವರಿಯ ಮೈ ತುಕ್ಕು ತಿಂದು ಗುಜರಿಗೆ ಹೋದರೂ ಎಂಜಿನ್ ಗಟ್ಟಿಯಾಗಿ ಉಳಿದಿರುತ್ತದೆ. ತಾತ ಅದನ್ನೂ ಒಪ್ಪುವವರಲ್ಲ, ಅದು ಬೇರೆ ಮಾತು.

ನಮ್ಮ ಕಡೆ ಇದು ಪೂರ್ತಿ ಉಲ್ಟಾ. ಹುಡುಗರು ಹಳೇ ಜೀಪು ತಂದ ಕೂಡಲೇ ಮೊದಲು ದಪ್ಪ ಟಯರು. ಆಮೇಲೆ ಎಲ್‌ಇಡಿ ಪಟ್ಟಿ, ಎಂಜಿನ್ನಿಗೆ ಮೇಲಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆ, ಟರ್ಬೊ ಎಂಜಿನ್. ಬ್ರೇಕು ಮಾತ್ರ ಕಂಪನಿಯಿಂದ ಬಂದ ಹಾಗೇ, 9 ಇಂಚಿನ ಡ್ರಮ್ಮು. ಟಯರು ದೊಡ್ಡದಾದಷ್ಟೂ ಅದನ್ನು ನಿಲ್ಲಿಸುವುದು ಕಷ್ಟ ಅನ್ನುವುದು ಯಾರ ತಲೆಗೂ ಹೋಗುವುದಿಲ್ಲ. ಮಾಂದಲ್‌ಪಟ್ಟಿ ಬೆಟ್ಟಕ್ಕೆ ಜನ ಹೊತ್ತು ಹೋಗುವ ಜೀಪುಗಳ ಹಿಂದೆ ಒಮ್ಮೆ ಇಳಿಜಾರಿನಲ್ಲಿ ಬಂದು ನೋಡಿ. ಹತ್ತುವಾಗ ಎಲ್ಲರೂ ಶೂರರೇ.

ಇದನ್ನು ಬರೆಯಲು ನನಗೇನು ಹಕ್ಕು ಅಂದರೆ, ನಾನೇ ಅದರ ರುಚಿ ಕಂಡವನು. ನಾಲ್ಕು ವರ್ಷದ ಹಿಂದೆ ಜನವರಿಯಲ್ಲಿ ರಜೆಗೆ ಬಂದಿದ್ದೆ. ಮೇಲಿನ ತೋಟದಿಂದ ಐದು ಮೂಟೆ ಕರಿಮೆಣಸು ಹೇರಿಕೊಂಡು ಇಳಿಯುತ್ತಿದ್ದೆವು. ಸ್ಟಿಯರಿಂಗ್ ನನ್ನ ಕೈಯಲ್ಲಿ, ಪಕ್ಕದಲ್ಲಿ ಅಪ್ಪ. ಕಡಿದಾದ ದಾರಿಗೆ ಅಂತಲೇ ಬೇರೆ ಇರುವ ಲೋ ಗೇರ್ ಹಾಕು ಅಂತ ಅಪ್ಪ ಹೇಳಿದ್ದರು. ಊರು ಬಿಟ್ಟವನಿಗೆ ಅವಸರ, ಮಾಮೂಲಿ ರಸ್ತೆಯ ಹೈಯಲ್ಲೇ ಎರಡನೇ ಗೇರಿನಲ್ಲಿ ಬಿಟ್ಟಿದ್ದೆ. ಹಲಸಿನ ಮರದ ತಿರುವಿನಲ್ಲಿ ಕಾಲಿಟ್ಟರೆ ಪೆಡಲ್ ಸೀದಾ ನೆಲಕ್ಕೆ. ಪಂಪ್ ಮಾಡಿದೆ, ಏನೂ ಇಲ್ಲ. ಕೆಸರಿಗೆ ಕಾಲಿಟ್ಟ ಹಾಗೆ. ಅಪ್ಪ ಒಂದು ಮಾತೂ ಆಡದೆ ಬಗ್ಗಿ ಹ್ಯಾಂಡ್ ಬ್ರೇಕ್ ಎಳೆದರು. ಈ ಜೀಪಿನಲ್ಲಿ ಹ್ಯಾಂಡ್ ಬ್ರೇಕ್ ಚಕ್ರಕ್ಕೆ ಹೋಗುವುದಿಲ್ಲ, ಗೇರ್ ಡಬ್ಬಿಯ ಹಿಂದೆ ಶಾಫ್ಟಿನ ಮೇಲೆ ಅದಕ್ಕೇ ಬೇರೆ ಡ್ರಮ್ ಇದೆ. ಕಾಲಿನ ಬ್ರೇಕಿಗೆ ಇರುವ ಆಯಿಲಿನ ಹಂಗು ಅದಕ್ಕಿಲ್ಲ. ಜೀಪು ಕಿರ್ರ್ ಅಂತ ಅಡ್ಡ ತಿರುಗಿ ಒಂದು ಸಿಲ್ವರ್ ಮರಕ್ಕೆ ಒರಗಿ ನಿಂತಿತು. ನನ್ನ ಕೈ ನಡುಗುತ್ತಿತ್ತು. ಅಪ್ಪ ಇಳಿದು ಮೊದಲು ನೋಡಿದ್ದು ಮರಕ್ಕೆ ಹಬ್ಬಿಸಿದ್ದ ಬಳ್ಳಿಯನ್ನು. "ಹತ್ತು ವರ್ಷದ ಬಳ್ಳಿ ಕಣೋ" ಅಂದರು. ಅಷ್ಟೇ.

ಮೇಸ್ತ್ರಿ ಬಂದು ಹಿಂದಿನ ಎಡ ಚಕ್ರ ಬಿಚ್ಚಿದರು. ಆಯಿಲಿನ ಒತ್ತಡದಿಂದ ಬ್ರೇಕ್ ಹಿಡಿಸುವ ವೀಲ್ ಸಿಲಿಂಡರ್ ಒಳಗೆ ಬೆರಳಿಟ್ಟು ತೋರಿಸಿದರು. ಬೆರಳಿಗೆ ತುಕ್ಕಿನ ಕೆಸರು. ಆಯಿಲ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಬ್ರೇಕ್ ಆಯಿಲ್‌ಗೆ ಗಾಳಿಯ ತೇವ ಹೀರುವ ಗುಣ ಇದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕುದಿಯಲು 205 ಡಿಗ್ರಿಯಾದರೂ ಬೇಕು. ನೀರು ಕುಡಿದ ಮೇಲೆ 140ಕ್ಕೆ ಇಳಿದರೂ ಆಶ್ಚರ್ಯ ಇಲ್ಲ, ಕುದಿದರೆ ಬ್ರೇಕ್ ಹಿಡಿಯುವುದಿಲ್ಲ. ಬರೀ ಕುದಿಯುವುದಲ್ಲ, ಆ ನೀರು ಸಿಲಿಂಡರನ್ನು ಒಳಗಿಂದ ತಿನ್ನುತ್ತದೆ, ರಬ್ಬರ್ ಕಪ್ ಹರಿಯುತ್ತದೆ, ಆಯಿಲ್ ಸೋರುತ್ತದೆ. ಕೊಡಗಿನ ಮಳೆಗೆ ಅಟ್ಟದ ಮೇಲಿನ ಉಪ್ಪೂ ನೀರಾಗುತ್ತದೆ, ಇನ್ನು ಇದು ಯಾವ ಲೆಕ್ಕ? ನಮ್ಮಲ್ಲಿ ಆಯಿಲ್ ಕಮ್ಮಿಯಾದರೆ ಮೇಲೆ ಸ್ವಲ್ಪ ಸುರಿಯುತ್ತಾರೆ. ಪೂರ್ತಿ ಖಾಲಿ ಮಾಡಿ ಬದಲಾಯಿಸಿದ್ದು ಯಾವಾಗ ಅಂತ ಕೇಳಿದೆ. ಅಪ್ಪ ಮೇಸ್ತ್ರಿ ಮುಖ ನೋಡಿದರು. ಮೇಸ್ತ್ರಿ ಅಪ್ಪನ ಮುಖ ನೋಡಿದರು.

ಇನ್ನೊಂದು ವಿಷಯ. ಹಳೇ ಜೀಪಿನ ಬ್ರೇಕಿಗೆ ಇರುವುದು ಒಂದೇ ಆಯಿಲ್ ಲೈನು. ಒಂದು ಚಕ್ರದಲ್ಲಿ ಸೋರಿದರೆ ನಾಲ್ಕೂ ಹೋದ ಹಾಗೆ.

ಹಾಗಾಗಿ ನಮ್ಮ ಜೀಪಿನ ಕೆಲಸ ಬ್ರೇಕಿನಿಂದಲೇ ಶುರುವಾಗಬೇಕು ಅಂತ ನಾನು ಹಟ ಹಿಡಿದೆ. ಎರಡು ಮಳೆಗಾಲ ಹಿಡಿಯಿತು, ಕೊಯ್ಲಿನ ಹೊತ್ತಿಗೆ ಗಾಡಿ ನೆಲಕ್ಕೆ ಇಳಿಯಲೇಬೇಕು ಅನ್ನುವ ಕರಾರಿನ ಮೇಲೆ. ಮುಂದಿನ ಎರಡು ಚಕ್ರಕ್ಕೆ ಬೊಲೆರೊದ ಬ್ರೇಕ್ ಡಿಸ್ಕು, ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರು. ಅದನ್ನು ಹಿಡಿದು ನಿಲ್ಲಿಸುವ ಬ್ರಾಕೆಟ್ಟನ್ನು ಲೇತಿನಲ್ಲಿ ಮಾಡಿಸಿದ್ದು. ತೋಡು, ಅಂದರೆ ಹಳ್ಳ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ನಿಂತು ಬ್ರೇಕ್ ಹಿಡಿಯುವುದಿಲ್ಲ. ಡಿಸ್ಕು ತಿರುಗುತ್ತಲೇ ನೀರು ಕೊಡವಿಕೊಳ್ಳುತ್ತದೆ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಎರಡು ಲೈನಿನದು, ಮುಂದೆ ಹೋದರೆ ಹಿಂದಿನದು ಉಳಿಯುತ್ತದೆ.

ಪೆಡಲ್ ಒತ್ತುವ ಕಾಲಿಗೆ ಬಲ ಕೊಡುವ ಬೂಸ್ಟರ್ ಹಾಕುವಾಗ ಸಣ್ಣ ತಕರಾರು ಬಂತು. ಬೂಸ್ಟರ್ ಕೆಲಸ ಮಾಡುವುದು ವ್ಯಾಕ್ಯೂಮಿನಿಂದ. ಪೆಟ್ರೋಲ್ ಎಂಜಿನ್ನಿನಲ್ಲಿ ಅದು ತಾನಾಗಿ ಸಿಗುತ್ತದೆ. ನಮ್ಮ ಜೀಪು ಹುಟ್ಟಿದ್ದು ಹರಿಕೇನ್ ಪೆಟ್ರೋಲ್ ಎಂಜಿನ್ ಜೊತೆಗೆ. ಆದರೆ 1993ರಲ್ಲೇ ಅಪ್ಪ ಅದನ್ನು ತೆಗೆದು, 2112 ಸಿಸಿಯ ಪ್ಯೂಜೋ ಡೀಸೆಲ್ ಹಾಕಿಸಿ, ಆರ್‌ಸಿಯಲ್ಲೂ ಬರೆಸಿದ್ದರು. ಡೀಸೆಲ್‌ನಲ್ಲಿ ಗಾಳಿಗೆ ಅಡ್ಡ ಬಾಗಿಲು ಇಲ್ಲ, ವ್ಯಾಕ್ಯೂಮೂ ಇಲ್ಲ. ಕೊನೆಗೆ ಬೆನ್ನಿಗೆ ವ್ಯಾಕ್ಯೂಮ್ ಪಂಪ್ ಕಟ್ಟಿಕೊಂಡು ಬರುವ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಒಂದನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದೆವು. ಅಪ್ಪನಿಗೆ ಎಪ್ಪತ್ತನಾಲ್ಕು, ಅದಕ್ಕೆ ಪವರ್ ಸ್ಟಿಯರಿಂಗ್ ಕೂಡ ಆಯ್ತು.

ಎಂಜಿನ್ ಮಾತ್ರ ಮುಟ್ಟಲಿಲ್ಲ. ಅಕ್ಕನ ಮಗನಿಗೆ ಬೇಜಾರು, ಅವನಿಗೆ ಸೆನ್ಸರ್, ಕಂಪ್ಯೂಟರ್ ನಡೆಸುವ ಕಾಮನ್ ರೈಲ್ ಟರ್ಬೊ ಎಂಜಿನ್ ಬೇಕಿತ್ತು. ಅವನಿಗೆ ಒಂದು ಲೆಕ್ಕ ಹೇಳಿದೆ. ಎಂಜಿನ್ನಿನ ಸುತ್ತನ್ನು ಈ ಜೀಪಿನ ಮೊದಲ ಗೇರು 2.8 ಪಟ್ಟು, ಲೋ 2.46 ಪಟ್ಟು, ಚಕ್ರ ತಿರುಗಿಸುವ ಆಕ್ಸಲ್ 5.38 ಪಟ್ಟು ತಗ್ಗಿಸುತ್ತವೆ. ಮೂರನ್ನೂ ಗುಣಿಸು. ಎಂಜಿನ್ 37 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಅಂದರೆ ಇಳಿಜಾರಿನಲ್ಲಿ ಕಾಲು ತೆಗೆದು ಕೂತರೂ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿರುತ್ತದೆ. ಅವತ್ತು ಅಪ್ಪನ ಮಾತು ಕೇಳಿದ್ದರೆ ಬಳ್ಳಿ ಉಳಿಯುತ್ತಿತ್ತು. ರಸ್ತೆಯಲ್ಲಿ ಅರವತ್ತು ದಾಟಿದರೆ ಗಾಡಿ ಅರಚುತ್ತದೆ, ಒಪ್ಪಿದೆ. ಆದರೆ ಈ ಗಾಡಿಯ ಕೆಲಸ ಇರುವುದು ಹತ್ತು ಕಿಲೋಮೀಟರ್ ವೇಗದಲ್ಲಿ. ಜೊತೆಗೆ ಪ್ಯೂಜೋದ ಡೀಸೆಲ್ ಪಂಪು ಪೂರ್ತಿ ಮೆಕ್ಯಾನಿಕಲ್. ಎಂಜಿನ್ ಬಿಸಿ ಇದ್ದರೆ, ಬ್ಯಾಟರಿ ಸತ್ತರೂ ಇಳಿಜಾರಲ್ಲಿ ತಳ್ಳಿದರೆ ಸಾಕು. ಸೆನ್ಸರ್ ಕೆಟ್ಟ ಗಾಡಿಯನ್ನು ಜುಲೈ ಮಳೆಯಲ್ಲಿ, ಜಿಗಣೆಗಳ ನಡುವೆ ನಿಂತು ಲ್ಯಾಪ್‌ಟಾಪ್ ಹಿಡಿದು ರಿಪೇರಿ ಮಾಡುವವರು ಯಾರು?

ಕಾನೂನಿನ ವಿಷಯಕ್ಕೆ ಬಂದರೆ ನನಗೆ ನಮ್ಮ ಕಡೆಯದು ಸರಿ ಕಾಣುವುದಿಲ್ಲ. ಬ್ರಿಟನ್ನಿನಲ್ಲಿ ಗಾಡಿಗೆ 40 ವರ್ಷ ತುಂಬಿದರೆ ರಸ್ತೆ ತೆರಿಗೆ ಇಲ್ಲ. ತೀರಾ ಬದಲಾಯಿಸಿರದಿದ್ದರೆ ವರ್ಷ ವರ್ಷದ ತಪಾಸಣೆಯೂ ಕಡ್ಡಾಯ ಅಲ್ಲ. ಸುರಕ್ಷತೆಗಾಗಿ ಆಕ್ಸಲ್, ಬ್ರೇಕಿನ ಕಡೆ ಮಾಡಿದ ಸುಧಾರಣೆಯನ್ನು ದೊಡ್ಡ ಬದಲಾವಣೆ ಅಂತ ಲೆಕ್ಕ ಹಾಕುವುದಿಲ್ಲ. ನಮ್ಮಲ್ಲಿ 2021ರಲ್ಲಿ ವಿಂಟೇಜ್ ಗಾಡಿಗಳಿಗೆ ನಿಯಮ ಬಂತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಹೊಸ ನೋಂದಣಿಗೆ 20,000 ರೂಪಾಯಿ. ಆಮೇಲೆ ದಿನಾ ಓಡಿಸುವಂತಿಲ್ಲ, ಪ್ರದರ್ಶನ, ರ್‍ಯಾಲಿಗೆ ಮಾತ್ರ. ನಮ್ಮ ಜೀಪಿಗೆ ವಯಸ್ಸು ಆಗಿದೆ, ಆದರೆ ಅದು ದುಡಿಯುವ ಗಾಡಿ. ಕಾನೂನಿಗೆ ಮ್ಯೂಸಿಯಮ್ಮಿನ ಗಾಡಿ ಗೊತ್ತು, ಶೋರೂಮಿನ ಗಾಡಿ ಗೊತ್ತು. ತೋಟದ ಗಾಡಿ ಗೊತ್ತಿಲ್ಲ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪಿನ ಉದ್ದೇಶ ನನಗೆ ಅರ್ಥವಾಗುತ್ತದೆ, ಊರ ತುಂಬಾ ಕಿತ್ತು ಕಟ್ಟಿದ ಗಾಡಿಗಳನ್ನು ನೋಡಿದವನು ನಾನು. ಆದರೆ ಕಬ್ಬಿಣದ ಬಂಪರ್ ಕಟ್ಟುವುದನ್ನೂ ಒಳ್ಳೆಯ ಬ್ರೇಕ್ ಹಾಕುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅಲ್ವಾ? ಏನು ಬದಲಾಯಿಸುವುದಿದ್ದರೂ ಮೊದಲೇ ಆರ್‌ಟಿಒಗೆ ಹೋಗಿ ಕೇಳಿ. ಮುಗಿದ ಮೇಲೆ ಹೋದರೆ ಬೆವರು ಬರುತ್ತದೆ.

ತಾತನ ರೀತಿ ಪೂರ್ತಿ ನನಗೆ ಬೇಡ. ಒಂದು ಬೋಲ್ಟು 1970ರದ್ದೇ ಆಗಿರಬೇಕು ಅಂತ ಎಂಟು ತಿಂಗಳು ಹುಡುಕಿದವರು ಅವರು. ನಮ್ಮ ಮೇಸ್ತ್ರಿ ಟ್ರ್ಯಾಕ್ಟರಿನ ಬೋಲ್ಟು ಹಾಕಿ ಬಿಗಿದು ಕಾಫಿ ಕುಡಿಯಲು ಹೋಗುತ್ತಾರೆ, ಗಾಡಿ ಸಂಜೆಗೆ ಓಡುತ್ತದೆ. ನನ್ನ ಮನಸ್ಸು ಮೇಸ್ತ್ರಿ ಕಡೆಗೇ. ಆದರೆ ತಾತನಿಂದ ಎಂಜಿನ್ನಿಗಿಂತ ಬ್ರೇಕು ಮೊದಲು ಅನ್ನುವ ಕ್ರಮ ಬಿಟ್ಟು ಇನ್ನೊಂದನ್ನೂ ಕದ್ದೆ. ಏನು ಯಾವಾಗ ಬದಲಾಯಿಸಿದ್ದು ಅಂತ ಬರೆದಿಡುವುದು. ನಮ್ಮಲ್ಲಿ ಅದೆಲ್ಲಾ ಮೇಸ್ತ್ರಿಯ ತಲೆಯಲ್ಲಿ ಇರುತ್ತದೆ, ಅವರಿಗೂ ಈಗ ಅರವತ್ತು ದಾಟಿದೆ.

ಕಳೆದ ಸಲ ಬರುವಾಗ ಒಂದು ನೋಟ್‌ಬುಕ್ಕಿಗೆ ತೂತು ಮಾಡಿ, ದಾರ ಪೋಣಿಸಿ, ಪೆನ್ನು ಸಮೇತ ಡ್ಯಾಶ್‌ಬೋರ್ಡಿಗೆ ಕಟ್ಟಿ ಬಂದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲು ಅಂತ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದೆ. ಆಯುಧಪೂಜೆ ದಿನ ಅಪ್ಪ ವಿಡಿಯೊ ಕಾಲ್ ಮಾಡಿದ್ದರು. ಜೀಪಿಗೆ ಚೆಂಡು ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಪೆಡಲ್ ತೀರಾ ಹಗುರವಾಗಿದೆ, ಒತ್ತಿದ್ದೇ ಗೊತ್ತಾಗಲ್ಲ ಅಂತ ದೂರು. ನೋಟ್‌ಬುಕ್ ತೋರಿಸಿ ಅಂದೆ. ಎರಡನೇ ಪುಟದಲ್ಲಿ ಮೇಸ್ತ್ರಿ ತಾರೀಖು ಹಾಕಿ, ಮುಂದಿನ ಪ್ಯಾಡ್ ನೋಡಿದೆ, ಸರಿ ಇದೆ ಅಂತ ಬರೆದಿದ್ದರು. ಅದರ ಕೆಳಗಿಂದ ಹನ್ನೊಂದು ಪುಟ ಅಪ್ಪನ ಅಕ್ಷರ. ಆಳುಗಳ ಕೂಲಿ, ಗೊಬ್ಬರದ ಬಾಕಿ, ಮೂಟೆ ಲೆಕ್ಕ.